ಮ್ಯಾರಥಾನ್ ತರಬೇತಿಯಿಂದ ಮಕ್ಕಳ ಆತ್ಮವಿಶ್ವಾಸ ಹೆಚ್ಚುತ್ತದೆಯೇ?

"ಮಕ್ಕಳನ್ನು ಮ್ಯಾರಥಾನ್ ಓಡಿಸಿ, ಧೈರ್ಯ ತಾನಾಗಿ ಬರುತ್ತದೆ" ಎನ್ನುತ್ತದೆ ಒಂದು ಫಾರ್ವರ್ಡ್. "ಬೆಳೆಯುವ ವಯಸ್ಸಿನಲ್ಲಿ ಓಡಿದರೆ ಮಂಡಿ ಸವೆಯುತ್ತದೆ, ಎತ್ತರ ನಿಲ್ಲುತ್ತದೆ" ಎನ್ನುತ್ತದೆ ಇನ್ನೊಂದು. ಬಂಗಾರಪೇಟೆಯ ಅಪ್ಪ-ಅಮ್ಮ ಯಾವುದನ್ನು ನಂಬಬೇಕು? ಎರಡನ್ನೂ ಬಿಡಿಸಿ ನೋಡೋಣ.

42 ಕಿ.ಮೀ. ಅಂದರೆ ಎಷ್ಟು?

ಮ್ಯಾರಥಾನ್ ದೂರ 42.195 ಕಿ.ಮೀ. ಬಂಗಾರಪೇಟೆಯಿಂದ ಕೆಜಿಎಫ್‌ನ ಮಾರಿಕುಪ್ಪಂವರೆಗಿನ ರೈಲು ದಾರಿ ಸುಮಾರು 16 ಕಿ.ಮೀ. ಹೋಗಿ, ವಾಪಸ್ ಬಂದು, ಮತ್ತೆ ಅರ್ಧ ದಾರಿಗಿಂತ ಹೆಚ್ಚು ಹೋದರೆ ಒಂದು ಮ್ಯಾರಥಾನ್! ಮುಂಬೈ ಮ್ಯಾರಥಾನ್‌ನಲ್ಲಿ ಪೂರ್ತಿ ದೂರ ಓಡಲು 18 ವರ್ಷ ತುಂಬಿರಬೇಕು. 2006ರಲ್ಲಿ ಒಡಿಶಾದ ನಾಲ್ಕು ವರ್ಷದ ಬುಧಿಯಾ ಸಿಂಗ್ 65 ಕಿ.ಮೀ. ಓಡಿದಾಗ ಹಲವರು ಚಪ್ಪಾಳೆ ತಟ್ಟಿದರು. ಆಮೇಲೆ ಅಧಿಕಾರಿಗಳೇ ಅವನ ದೂರದ ಓಟಗಳಿಗೆ ತಡೆ ಹಾಕಬೇಕಾಯಿತು.

ಹಾಗಾದರೆ ಧೈರ್ಯ ಬರುವುದು ಎಲ್ಲಿಂದ?

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. "ಇದು ನನ್ನ ಕೈಲಾಗುತ್ತದೆ" ಎಂಬ ನಂಬಿಕೆಯನ್ನು ಹೊಗಳಿಕೆಗಿಂತ ಹೆಚ್ಚು ಗಟ್ಟಿ ಮಾಡುವುದು ಸ್ವತಃ ಮಾಡಿ ಗೆದ್ದ ಅನುಭವ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೊದಲ ವಾರ ಎರಡು ನಿಮಿಷ ಓಡಿ ಏದುಸಿರು ಬಿಡುತ್ತಾಳೆ ಎಂದುಕೊಳ್ಳಿ. ಎರಡು ತಿಂಗಳ ನಂತರ ನಿಲ್ಲದೆ ಮೂರು ಕಿ.ಮೀ. ಓಡುತ್ತಾಳೆ. ಪರೀಕ್ಷೆಯ ರ‍್ಯಾಂಕ್ ಅವಳನ್ನು ಪಕ್ಕದವಳ ಜೊತೆ ಹೋಲಿಸುತ್ತದೆ. ಓಟದ ಲೆಕ್ಕ ಅವಳನ್ನು ಹೋದ ತಿಂಗಳ ಅವಳ ಜೊತೆಗೇ ಹೋಲಿಸುತ್ತದೆ. ಇದರಿಂದ ಗಣಿತದ ಅಂಕ ತಾನಾಗಿ ಏರುವುದಿಲ್ಲ. ಆದರೆ ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡುವ ಅಭ್ಯಾಸ ಓದಿಗೂ ಒದಗಬಹುದು.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಶಿಕ್ಷಕ ಹ್ಯಾರಿ ಶಬಾಜಿಯನ್ 1980ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಮ್ಯಾರಥಾನ್‌ಗೆ ತಯಾರು ಮಾಡಿದರು. ಅದೇ ಮುಂದೆ 'ಸ್ಟೂಡೆಂಟ್ಸ್ ರನ್ ಎಲ್‌ಎ' ಎಂಬ ದೊಡ್ಡ ಕಾರ್ಯಕ್ರಮವಾಯಿತು. ಅಲ್ಲಿ ಮಕ್ಕಳು ಪೂರ್ತಿ ಮ್ಯಾರಥಾನ್ ಓಡುತ್ತಾರೆ, ನಿಜ. ಆದರೆ ಅದರ ಹಿಂದೆ ತಿಂಗಳುಗಟ್ಟಲೆ ತಯಾರಿ ಇದೆ, ಜೊತೆಗೆ ಓಡುವ ಶಿಕ್ಷಕರಿದ್ದಾರೆ. ನಮಗೆ ಬೇಕಾದದ್ದು ಆ ಕ್ರಮ, ಆ ದೂರವಲ್ಲ.

ಮಂಡಿ, ಎತ್ತರದ ಮಾತು?

ಹಿತಮಿತವಾಗಿ ಓಡಿದರೆ ಎತ್ತರ ನಿಲ್ಲುತ್ತದೆ ಎನ್ನಲು ಆಧಾರವಿಲ್ಲ. ಬದಲಿಗೆ ಮೂಳೆ ಗಟ್ಟಿಯಾಗುತ್ತದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಪಾಯ ಇರುವುದು ದಿಢೀರ್ ದೂರ ಹೆಚ್ಚಿಸುವುದರಲ್ಲಿ, ನೋವಿದ್ದರೂ ಓಡುವುದರಲ್ಲಿ, ಸಾಕಷ್ಟು ಊಟ ಮಾಡದಿರುವುದರಲ್ಲಿ.

ಕೆಜಿಎಫ್‌ನವರು ಇನ್ನೊಂದನ್ನು ಗಮನಿಸಬೇಕು. ಚಿನ್ನದ ಗಣಿ 2001ರಲ್ಲೇ ಮುಚ್ಚಿದರೂ ಸೈನೈಡ್ ದಿಬ್ಬಗಳು ಹಾಗೇ ಇವೆ. ಗಾಳಿ ಬೀಸುವ ದಿನ ಅಲ್ಲಿಂದ ನುಣ್ಣನೆಯ ಧೂಳು ಏಳುತ್ತದೆ. ಓಡುವವರು ಜೋರಾಗಿ ಉಸಿರೆಳೆಯುವುದರಿಂದ ಹೆಚ್ಚು ಧೂಳು ಒಳಗೆ ಹೋಗುತ್ತದೆ. ಅಭ್ಯಾಸಕ್ಕೆ ದಿಬ್ಬದಿಂದ ದೂರದ ಮೈದಾನವೇ ಒಳ್ಳೆಯದು.

ಶುರು ಮಾಡುವುದು ಹೇಗೆ?

• ವಾರಕ್ಕೆ ಮೂರು ದಿನ ಸಾಕು. ಸ್ವಲ್ಪ ಓಟ, ಸ್ವಲ್ಪ ನಡಿಗೆ.
• ಓಡುತ್ತಲೇ ಗೆಳೆಯರ ಜೊತೆ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಇಳಿಸಿ.
• ಪ್ರತಿ ಸಲದ ದೂರವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ.
• ಎದೆನೋವು, ತಲೆಸುತ್ತು, ವಾರ ಕಳೆದರೂ ಹೋಗದ ಕಾಲುನೋವು, ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು ಕಂಡರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇನ್ನು ಮುಂದೆ ಆ ಎರಡು ಫಾರ್ವರ್ಡ್‌ಗಳಲ್ಲಿ ಯಾವುದು ಬಂದರೂ ಉತ್ತರವಾಗಿ ಇದನ್ನು ಕಳಿಸಿ.