ಬೀಡು ಬಿಟ್ಟವರು, ಬೀಡು ಕಾಯುವವರು

ಮದುವೆಗೆ ಬಂದ ಬೀಗರು ಇಳಿದುಕೊಳ್ಳುವ ಮನೆಯನ್ನು ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ‘ಬಿಡದಿ’ ಎಂದು ಕರೆಯುವುದುಂಟು. ಬೀಡು, ಬಿಡಾರ, ಬಿಡದಿ ಎಲ್ಲವೂ ‘ಬಿಡು’ ಎಂಬ ಒಂದೇ ಮಾತಿನ ಮಕ್ಕಳು. ಹೆಗಲ ಹೊರೆಯನ್ನು ಕೆಳಗೆ ಬಿಟ್ಟು, ಎತ್ತಿನ ಕೊರಳ ನೊಗವನ್ನು ಬಿಟ್ಟು ಒಂದಿರುಳು ನಿಲ್ಲುವ ಎಡೆ ಎಂದು ಅರ್ಥ. ಬೆಂಗಳೂರಿನಿಂದ ರಾಮನಗರಕ್ಕೆ ಬರುವ ದಾರಿಯಲ್ಲಿ ಇದೇ ಹೆಸರಿನ ಊರಿದೆ. ಇಂದಿನವರಿಗೆ ಅದು ತಟ್ಟೆ ಇಡ್ಲಿಯ ಊರೆಂದೇ ಪರಿಚಿತ. ಆ ಊರಿಗೆ ಹೆಸರು ಹೇಗೆ ಬಂದಿತೆಂಬ ಚರ್ಚೆಯನ್ನು ಸ್ಥಳನಾಮ ಬಲ್ಲ ಪಂಡಿತರಿಗೆ ಬಿಡೋಣ. ನಾವಿಲ್ಲಿ ಗಮನಿಸಬೇಕಾದುದು ಬೇರೆ. ಮದುವೆಯ ಬಿಡದಿಗೆ ಹೆಣ್ಣಿನ ಕಡೆಯವರು ಒಬ್ಬ ಹಿರಿಯರನ್ನು ನೇಮಿಸಿಯೇ ಇರುತ್ತಿದ್ದರು. ಬಿಸಿನೀರು ಕಾದಿದೆಯೇ, ದೀಪಕ್ಕೆ ಎಣ್ಣೆ ಇದೆಯೇ, ಬಂದವರಲ್ಲಿ ವೃದ್ಧರಿಗೆ ಚಾಪೆ ಸಿಕ್ಕಿತೇ ಎಂದು ನೋಡುವುದೇ ಅವರ ಕೆಲಸ. ಅವರಿಗೆ ಮುಹೂರ್ತವನ್ನು ಕಣ್ಣಾರೆ ಕಾಣುವ ಭಾಗ್ಯವೂ ಎಷ್ಟೋ ಸಲ ಇರುತ್ತಿರಲಿಲ್ಲ.

ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಡುತ್ತಿದ್ದ ಕಾಲವನ್ನು ಬಲ್ಲ ಓದುಗರು ಇನ್ನೂ ಇದ್ದಾರೆ. ಗಾಡಿಗೆ ಬಿದಿರಿನ ಕಮಾನು ಬಿಗಿದು, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹರಡಿ ಅದರ ಮೇಲೆ ಜಮಖಾನ ಹಾಸಿದರೆ ಅದೇ ಮನೆ. ಹಿಂದೆ ರಾಗಿಹಿಟ್ಟಿನ ಚೀಲ, ಅಡಿಯಲ್ಲಿ ತೂಗುವ ಲಾಂದ್ರ. ಮಾಗಡಿಯ ಕಡೆಯಿಂದ ಸಾವನದುರ್ಗದ ವೀರಭದ್ರನ ಸನ್ನಿಧಿಗೆ ಹೀಗೆ ಹೋದ ಮನೆತನಗಳು ಎಷ್ಟೋ! ತೋಪಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ಮುದ್ದೆ ಬೇಯಿಸಿ, ಮರುದಿನ ಹೊರಡುವ ಮುನ್ನ ಒಲೆಗೆ ನೀರೆರೆದು, ಎಂಜಲೆಲೆಯನ್ನು ದನಕ್ಕೆ ಹಾಕಿ, ಸಗಣಿಯನ್ನು ಆ ತೋಪಿನವನ ಗೊಬ್ಬರಕ್ಕೆ ಬಿಟ್ಟು ಮುಂದೆ ಸಾಗುತ್ತಿದ್ದರು. ಉಳಿಯುವ ಕಸವೇ ಇರಲಿಲ್ಲ. ಅದು ಅವರ ದೊಡ್ಡತನವೆಂದು ಹೊಗಳುವುದೂ ಸಲ್ಲ. ಪ್ಲಾಸ್ಟಿಕ್ ಎಂಬ ವಸ್ತು ಅವರಿಗೆ ಸಿಕ್ಕಿರಲಿಲ್ಲ, ಅಷ್ಟೆ.

ಈ ಮನೆಗಾಡಿಯ ಪ್ರಸಂಗ ನೆನಪಾಗಲು ಕಾರಣ, ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಬಂದ ಭಕ್ತರೊಬ್ಬರ ಮಾತು. “ಗುರುಗಳೇ, ಅಲ್ಲಿಯ ಮುದುಕರು ಮನೆಯನ್ನೇ ಗಾಡಿಯ ಮೇಲಿಟ್ಟುಕೊಂಡು ತಿರುಗುತ್ತಾರೆ” ಎಂದರು ಅವರು. ಆರ್‌.ವಿ. ಎಂದು ಅದರ ಹೆಸರು. ಬಸ್ಸಿನಷ್ಟು ದೊಡ್ಡದು, ಒಳಗೆ ಒಲೆ, ಹಾಸಿಗೆ, ಶೌಚದ ಕೋಣೆ ಎಲ್ಲ ಉಂಟು. ಆ ರಾಜ್ಯದ ಮರುಭೂಮಿಯಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಊರಿದೆ. ಬೇಸಿಗೆಯಲ್ಲಿ ಎರಡು ಮೂರು ಸಾವಿರ ಜನರಷ್ಟೇ ಇರುವ ಸಣ್ಣ ಊರು. ಚಳಿಗಾಲ ಬಂದೊಡನೆ ಉತ್ತರದ ಹಿಮದ ನಾಡುಗಳಿಂದಲೂ ಕೆನಡಾದಿಂದಲೂ ನಿವೃತ್ತ ದಂಪತಿಗಳು ತಂಡೋಪತಂಡವಾಗಿ ಬಂದು ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಬೀಡು ಬಿಡುತ್ತಾರೆ. ಸಾಮಾನ್ಯ ಬಯಲಿನಲ್ಲಿ ಒಂದೆಡೆ 14 ದಿನ ಮೀರಿ ನಿಲ್ಲುವಂತಿಲ್ಲ. ಹೆಚ್ಚು ದಿನ ತಂಗುವವರಿಗೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ವರೆಗೆ ಪರವಾನಗಿಯ ಮೇಲೆ ಬೇರೆ ಜಾಗಗಳನ್ನು ಗುರುತಿಸಿಟ್ಟಿದ್ದಾರೆ. ಬಳಸಿದ ಕೊಳೆನೀರನ್ನು ಗಾಡಿಯ ತೊಟ್ಟಿಯಲ್ಲಿಯೇ ಹೊತ್ತು, ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ಸುರಿಯಬೇಕು.

ಇವರೆಲ್ಲರೂ ಸುಖಕ್ಕಾಗಿಯೇ ಬಂದವರೆಂದು ತಿಳಿಯಬಾರದು. 2008ರ ಆರ್ಥಿಕ ಕುಸಿತದ ಅನಂತರ ಮನೆ ಕಳೆದುಕೊಂಡು, ಗಾಡಿಯನ್ನೇ ಮನೆ ಮಾಡಿಕೊಂಡ ವೃದ್ಧರೂ ಅವರಲ್ಲಿದ್ದಾರೆ. ಆ ದೇಶದ ಎಲ್ಲವನ್ನೂ ಮೆಚ್ಚುವ ಚಪಲ ನಮಗಿಲ್ಲ. ಆದರೆ ಅಲ್ಲಿಯ ಒಂದು ಪದ್ಧತಿ ನಮ್ಮ ಮನಸ್ಸಿನಲ್ಲಿ ನಿಂತಿತು. ಸರ್ಕಾರಿ ಬೀಡುಗಳಲ್ಲಿ ‘ಕ್ಯಾಂಪ್ ಹೋಸ್ಟ್’ ಎಂಬ ಸ್ವಯಂಸೇವಕರಿರುತ್ತಾರೆ. ಬಹುಪಾಲು ಅರವತ್ತು ದಾಟಿದವರು, ಗಂಡಹೆಂಡಿರು ಕೂಡಿಯೇ ಬರುವುದು ವಾಡಿಕೆ. ಇವರಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಗಾಡಿ ನಿಲ್ಲಿಸುವ ಜಾಗ ಉಚಿತ, ಇರುವೆಡೆ ನೀರು, ವಿದ್ಯುತ್ತೂ ಉಚಿತ. ಪ್ರತಿಯಾಗಿ ಬಂದವರನ್ನು ಎದುರುಗೊಳ್ಳುವುದು, ಬೆಂಕಿಯ ನಿಯಮ ತಿಳಿಸುವುದು, ಹೋದವರ ಕಸ ಎತ್ತುವುದು, ಶೌಚಾಲಯ ತೊಳೆಯುವುದು. ರಾಷ್ಟ್ರೀಯ ಉದ್ಯಾನಗಳಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳಲು ಆ ದೇಶದಲ್ಲಿ 1970ರಲ್ಲಿ ಕಾನೂನೇ ಆಯಿತು. ಅಧ್ಯಾಪಕರಾಗಿ, ಅಧಿಕಾರಿಗಳಾಗಿ ನಿವೃತ್ತರಾದವರೂ ಪೊರಕೆ ಹಿಡಿಯುತ್ತಾರೆ. ಅದನ್ನು ಯಾರೂ ಕೀಳೆಂದು ಕಾಣುವುದಿಲ್ಲ ಎಂದು ನಮ್ಮ ಭಕ್ತರು ಬೆರಗಿನಿಂದ ಹೇಳಿದರು. ಕಾಯಕದ ಮಾತನ್ನು ನಿತ್ಯವೂ ಆಡುವ ನಮ್ಮವರಿಗೆ ಇದು ಬೆರಗಾದುದೇ ನಮಗೆ ಬೆರಗು!

ಅಷ್ಟು ದೂರದ ಮಾತೇಕೆ? ಪ್ರತಿ ವರ್ಷ ಶಿವರಾತ್ರಿಯ ದಿನಗಳಲ್ಲಿ ನಮ್ಮ ಕಣ್ಣೆದುರಿಗೇ ಒಂದು ಚಲಿಸುವ ಊರು ಏಳುತ್ತದೆ. ಮಲೆ ಮಹದೇಶ್ವರನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರು ಮಾಗಡಿಯಿಂದ ರಾಮನಗರದ ಮೇಲಾಗಿ ಕನಕಪುರ ಸೇರುತ್ತಾರೆ, ಚನ್ನಪಟ್ಟಣದವರು ಸಾತನೂರಿನ ಕಡೆಯಿಂದ ಬರುತ್ತಾರೆ, ಬೆಂಗಳೂರಿನವರೂ ಕೂಡಿಕೊಳ್ಳುತ್ತಾರೆ. ದೊಡ್ಡಾಲಹಳ್ಳಿಯ ದಾರಿ ಹಿಡಿದು, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮಕ್ಕೆ ಬಂದು, ಬಂಡೆಗಳ ನಡುವೆ ಹಗ್ಗ ಹಿಡಿದು ಹೊಳೆ ದಾಟುತ್ತಾರೆ. ಆಚೆಯ ದಡ ಹನೂರು ತಾಲ್ಲೂಕು. ಕಾಡು ಕಳೆದು ಶಾಗ್ಯ, ಕೌದಳ್ಳಿ, ತಾಳಬೆಟ್ಟಗಳ ಮೇಲೆ ಬೆಟ್ಟವೇರುವುದು. ಹೊಳೆಯ ಎರಡು ದಡದ ಕಾಡೂ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮಕ್ಕೆ ಸೇರಿದುದು, ಆನೆಗಳ ಸೀಮೆ. ಮಾಗಿ ಕಳೆದು ಹುಲ್ಲು ಒಣಗಿರುವ ಕಾಲ, ಒಂದು ಕಿಡಿ ಸಾಕು. ಹೊಳೆಯೂ ಅಷ್ಟೇ: ತಗ್ಗಿದಾಗ ಮಕ್ಕಳೂ ದಾಟುವಂತೆ ತೋರುತ್ತದೆ, ಮೇಲಿನಿಂದ ನೀರು ಬಿಟ್ಟರೆ ಅದೇ ಹೊಳೆ ಬೇರೆಯೇ ಆಗುತ್ತದೆ.

ಈ ದಾರಿಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಮಜ್ಜಿಗೆ, ಪಾನಕ, ಚಿತ್ರಾನ್ನ, ಮೊಸರನ್ನ, ಕೇಸರಿಬಾತು, ಹರದಾರಿಗೊಂದು ಅರವಟ್ಟಿಗೆ. ಹರಕೆ ಹೊತ್ತವರು ಟೆಂಪೊದಲ್ಲಿ ಪಾತ್ರೆ ತುಂಬಿ ತಂದು, ನಡೆಯುವವರನ್ನು ಕೈಹಿಡಿದು ಎಳೆದು ಬಡಿಸುತ್ತಾರೆ. ನಾವು ಹಲವು ವರ್ಷ ಈ ದಾರಿಯಲ್ಲಿ ನಡೆದು ಆ ಅನ್ನವನ್ನು ಉಂಡವರು. ಬಡಿಸಿದ ಕೈಗಳ ಭಕ್ತಿಯನ್ನು ಕಡೆಗಣಿಸುವ ಮಾತೇ ಇಲ್ಲ. ಆದರೆ ಪಾತ್ರೆ ಬರಿದಾದ ಮೇಲೆ ಟೆಂಪೊ ಹೊರಟುಹೋಗುತ್ತದೆ. ಉಳಿಯುವುದು ಲೋಟ, ತಟ್ಟೆ, ನೀರಿನ ಪೊಟ್ಟಣ, ಚೆಲ್ಲಿದ ಅನ್ನ. ಅನ್ನದ ವಾಸನೆ ಹಿಡಿದ ಪ್ಲಾಸ್ಟಿಕ್ಕನ್ನು ಜಿಂಕೆ ತಿನ್ನುತ್ತದೆ, ದನ ತಿನ್ನುತ್ತದೆ. ಇನ್ನು ತಾಯಂದಿರ ಕಷ್ಟ. ಎರಡು ದಿನ, ಮೂರು ದಿನ ನಡೆಯುವ ಹೆಣ್ಣುಮಕ್ಕಳು ಕತ್ತಲಾಗುವ ತನಕ ನೀರು ಕುಡಿಯದೆ ನಡೆಯುವುದನ್ನು ನಾವು ಬಲ್ಲೆವು. ಪಾನಕದ ಲೋಟವನ್ನು ಬೇಡವೆಂದು ತಳ್ಳುವುದು ಬಾಯಾರಿಕೆ ಇಲ್ಲವೆಂದಲ್ಲ. ಕೇಸರಿಬಾತಿಗೆ ಹತ್ತು ಜನ ದಾನಿಗಳು ಮುಂದೆ ಬರುವ ನಮ್ಮ ಸಮಾಜದಲ್ಲಿ, ತಡಿಕೆ ಕಟ್ಟಿದ ಒಂದು ಶೌಚದ ಮರೆಗೆ, ಅದನ್ನು ತೊಳೆಯುವ ಒಂದು ಕೈಗೆ ದಾನಿಗಳಿಲ್ಲ.

ದಾಸೋಹವೆಂದರೆ ಬಡಿಸುವುದು ಎಂಬ ಮಟ್ಟಿಗೆ ಅರ್ಥ ಕುಗ್ಗಿರುವುದೇ ಇದಕ್ಕೆ ಮೂಲವೆಂದು ನಮಗೆ ತೋರುತ್ತದೆ. ಮಠದಲ್ಲಿ ಓದುತ್ತಿದ್ದಾಗ ಪಂಕ್ತಿ ಎದ್ದ ಮೇಲೆ ಎಲೆ ಎತ್ತುವ ಸರದಿ ನಮಗೂ ಬರುತ್ತಿತ್ತು. ಬಡಿಸುವ ಸರದಿಗೆ ಎಲ್ಲರೂ ಮುಂದು, ಎಲೆ ಎತ್ತುವ ಸರದಿಗೆ ಹಿಂದು; ಹುಡುಗರಲ್ಲವೇ! ಹಿರಿಯರು ಮಾತ್ರ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರನ್ನು ಇಲ್ಲಿ ನೆನೆಯಬೇಕು. ಹುಲಿಕಲ್ಲಿನಿಂದ ಕುದೂರಿನ ತನಕ ಸುಮಾರು ನಾಲ್ಕು ಕಿಲೋಮೀಟರು ದಾರಿಗೆ ಪತಿ ಚಿಕ್ಕಯ್ಯನವರೊಡನೆ ಆಲದ ಸಸಿಗಳನ್ನು ನೆಟ್ಟರು. ಎಣಿಸಿದವರು 385 ಮರಗಳೆನ್ನುತ್ತಾರೆ. ನೆಟ್ಟವರು ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಆ ದಂಪತಿಗಳು ಕೂಲಿ ಮುಗಿಸಿ ಕೊಡದಲ್ಲಿ ನೀರು ಹೊತ್ತು ಬೇಸಿಗೆ ಬೇಸಿಗೆಗೂ ಎರೆದರು, ದನ ಮೇಯದಂತೆ ಮುಳ್ಳು ಕಟ್ಟಿ ಕಾದರು. 2019ರಲ್ಲಿ ಪದ್ಮಶ್ರೀ ಬಂದಿತು. 2025ರ ನವೆಂಬರ್ 14ರಂದು ಅವರು ನಮ್ಮನ್ನಗಲಿದರು. ಆ ನೆರಳಿನಲ್ಲಿ ಹೋಗುವ ದಾರಿಹೋಕರ ಪೈಕಿ ಅವರ ಕೈಗೆ ಒಂದು ಲೋಟ ನೀರು ಕೊಟ್ಟವರೆಷ್ಟೋ ತಿಳಿಯದು.

ಆದುದರಿಂದ ನಮ್ಮ ಕೋರಿಕೆ ನಿವೃತ್ತರಾದ ಗೃಹಸ್ಥರಿಗೆ. ವರ್ಷಕ್ಕೆ ಹತ್ತು ದಿನ, ಗಂಡಹೆಂಡಿರು ಕೂಡಿ, ದಾರಿಯ ಒಂದು ತಂಗುದಾಣವನ್ನು ವಹಿಸಿಕೊಳ್ಳಬಾರದೇ? ಬಡಿಸಲು ಅಲ್ಲ, ಕಾಯಲು. ಭಕ್ತರು ಬರುವ ಮುನ್ನ ಹೋಗಿ, ಕೊನೆಯವರು ಹೋದ ಮೇಲೆ ಇನ್ನೆರಡು ದಿನ ಉಳಿದು ಬರುವುದು. ಈ ಮಾತನ್ನು ಒಂದು ಮನೆಯಲ್ಲಿ ಎತ್ತಿದಾಗ ಯಜಮಾನರು ಒಪ್ಪಿದರು, ಮಗ ಒಪ್ಪಲಿಲ್ಲ. “ಅಪ್ಪಾಜಿ, ನೀವು ರಸ್ತೆಯಲ್ಲಿ ಪೊರಕೆ ಹಿಡಿದರೆ ಊರವರು ನಮ್ಮನ್ನು ಏನಂದುಕೊಂಡಾರು?” ಎಂದ. ಒಳಗಿನಿಂದ ಆ ತಾಯಿ ನುಡಿದರು: “ನಲವತ್ತು ವರ್ಷದಿಂದ ನಾನು ಹಿಡಿದಿದ್ದೇನಲ್ಲಪ್ಪ, ಊರವರು ಏನಂದುಕೊಂಡರು?” ಮಗ ಮರುಮಾತಾಡಲಿಲ್ಲ.

ಹೊರಡುವವರು ಕೆಲವನ್ನು ಮನಸ್ಸಿನಲ್ಲಿಡಬೇಕು. ಕಾಡಿನೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಬಿಡಾರ ಹೂಡಲಾಗದು, ಒಲೆ ಹಚ್ಚಲಾಗದು. ಮೊದಲ ಪ್ರಯತ್ನ ಹೊಳೆಯ ಈಚೆಯ ಹಳ್ಳಿಗಳಲ್ಲಿಯೇ ಆಗಲಿ. ಪಂಚಾಯಿತಿಯವರನ್ನು ಒಂದು ತಿಂಗಳು ಮೊದಲೇ ಕಂಡು ಜಾಗ, ನೀರಿನ ಟ್ಯಾಂಕರು, ಕಸ ಸಾಗಿಸುವ ಟ್ರ್ಯಾಕ್ಟರು ಗೊತ್ತುಮಾಡಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರು ಮಾತ್ರೆಗಳನ್ನು ಹತ್ತು ದಿನಕ್ಕೆ ಎಣಿಸಿ ಒಯ್ಯಬೇಕು. ಮುತ್ತುಗದ ಎಲೆ, ಅಡಕೆ ಹಾಳೆಯ ತಟ್ಟೆ ಸಾಕಷ್ಟಿರಲಿ. ಕುಡಿಯಲು ಸ್ಟೀಲಿನ ಲೋಟ, ತೊಳೆಯಲು ಎರಡು ದೊಡ್ಡ ಬೋಗುಣಿ. ಗೋಣಿಚೀಲ ಎಷ್ಟಿದ್ದರೂ ಸಾಲದು. ತೆಂಗಿನ ಪೊರಕೆ ಒಂದಲ್ಲ, ಮೂರಿರಲಿ. ಮಣ್ಣುರಸ್ತೆಯಲ್ಲಿ ಅದು ಎರಡೇ ದಿನಕ್ಕೆ ಸವೆಯುತ್ತದೆ.