ಟ್ರ್ಯಾಕ್ ಡೇ: ಶುಲ್ಕ ಪಡೆದವರೇ ತಪಾಸಕರಾದರೆ?

ವೇಗದ ವ್ಯಾಮೋಹವನ್ನು ದಂಡದಿಂದ ಮಾತ್ರ ಹತ್ತಿಕ್ಕಲು ಸಾಧ್ಯವಿಲ್ಲ. ರಾಜ್ಯ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಓಟದ ಸ್ಪರ್ಧೆ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿಯು ಮೊದಲ ಅಪರಾಧಕ್ಕೆ ವಿಧಿಸಬಹುದಾದ ದಂಡವನ್ನು 500 ರೂಪಾಯಿಯಿಂದ 5,000 ರೂಪಾಯಿಗೂ, ಸೆರೆವಾಸದ ಅವಧಿಯನ್ನು ಒಂದು ತಿಂಗಳಿನಿಂದ ಮೂರು ತಿಂಗಳಿಗೂ ಏರಿಸಿತು. ಆದರೂ ನಡುರಾತ್ರಿ ನಮ್ಮ ಹೆದ್ದಾರಿಗಳಲ್ಲಿ ಕೇಳಿಬರುವ ಎಂಜಿನ್ನುಗಳ ಅಬ್ಬರ ನಿಂತಿಲ್ಲ. ಇಂಥ ಉತ್ಸಾಹಕ್ಕೆ ಬೇರೊಂದು ಜಾಗವನ್ನು ತೋರಿಸುವ ‘ಟ್ರ್ಯಾಕ್ ಡೇ’ಗಳು ಆದ್ದರಿಂದಲೇ ಸ್ವಾಗತಾರ್ಹ.

ಟ್ರ್ಯಾಕ್ ಡೇ ಎಂದರೆ, ಶುಲ್ಕ ತೆತ್ತು ತಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಅವಕಾಶ. ಅಲ್ಲಿ ಎದುರಿನಿಂದ ಬರುವ ಲಾರಿಯಿಲ್ಲ, ರಸ್ತೆ ದಾಟುವ ಮಕ್ಕಳಿಲ್ಲ. ಬೆಂಗಳೂರಿನ ಕಾರುಪ್ರಿಯರಿಗೆ ಶ್ರೀಪೆರಂಬುದೂರು ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕ್ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅರ್ಧ ದಿನದ ಪ್ರಯಾಣ. ಬಹುಮಾನವಾಗಲಿ, ಪದವಿಪಟ್ಟಿಯಾಗಲಿ ಇಲ್ಲದ ಕಾರಣ ಇದು ಸ್ಪರ್ಧೆಯಲ್ಲ. ಸಮಸ್ಯೆಯ ಮೂಲವೂ ಇದೇ. ಸ್ಪರ್ಧೆಯೊಂದಿಗೆ ತಾನಾಗಿಯೇ ಬರುವ ಚಾಲಕರ ಪರವಾನಗಿ, ವಾಹನಗಳ ಕಡ್ಡಾಯ ತಪಾಸಣೆ, ಮೇಲ್ವಿಚಾರಕರ ಅಧಿಕಾರ ಇವೆಲ್ಲ ಇಲ್ಲಿ ಬಹುಮಟ್ಟಿಗೆ ಸಂಘಟಕರ ವಿವೇಚನೆಗೆ ಬಿಟ್ಟ ವಿಷಯಗಳಾಗುತ್ತವೆ.

ಆ ವ್ಯವಸ್ಥೆಗಳೆಲ್ಲ ಇದ್ದಾಗಲೂ ಸಾವು ಸಂಭವಿಸುತ್ತದೆ. ಇರುಂಗಾಟ್ಟುಕೋಟೈಯಲ್ಲೇ 2023ರ ಜನವರಿಯಲ್ಲಿ ರಾಷ್ಟ್ರೀಯ ಕಾರು ಓಟದ ಸ್ಪರ್ಧೆಯೊಂದರಲ್ಲಿ 59 ವರ್ಷದ ಅನುಭವಿ ಚಾಲಕರೊಬ್ಬರು ಅಸುನೀಗಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮೋಟಾರ್ ಸೈಕಲ್ ಸ್ಪರ್ಧೆಯಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಬಲಿಯಾದ. ನುರಿತವರ ಸ್ಥಿತಿಯೇ ಹೀಗಿರುವಾಗ, ವಾರವಿಡೀ ಕಚೇರಿಗೆ ಓಡಿಸಿದ ಕಾರನ್ನು ಭಾನುವಾರ ಟ್ರ್ಯಾಕಿಗಿಳಿಸುವವರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕಾಗುತ್ತದೆ.

ಮೊದಲು ವಾಹನದ ಮಾತು. ವೇಗ ಗಂಟೆಗೆ 60 ಕಿ.ಮೀ.ನಿಂದ 120 ಕಿ.ಮೀ.ಗೆ ಏರಿದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಪ್ರತಿ ತಿರುವಿನಲ್ಲೂ ಇದು ಮರುಕಳಿಸಿದಾಗ ಬ್ರೇಕ್ ಆಯಿಲ್ ಕಾಯುತ್ತದೆ. ಸಾಮಾನ್ಯವಾಗಿ ಬಳಸುವ ‘ಡಾಟ್ 4’ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಮುಟ್ಟುತ್ತದೆಯೇ ಹೊರತು ಕಾರು ನಿಲ್ಲುವುದಿಲ್ಲ. ನಗರದ ಸಂಚಾರದಲ್ಲಿ ಎಂದೂ ಬಯಲಾಗದ ಈ ದೋಷ ಟ್ರ್ಯಾಕಿನಲ್ಲಿ ಕೆಲವೇ ಸುತ್ತುಗಳಲ್ಲಿ ಪ್ರಕಟವಾಗಬಹುದು. ಬ್ರೇಕ್ ಪ್ಯಾಡ್, ಟೈರಿನ ವಯಸ್ಸು, ಚಕ್ರದ ನಟ್ಟುಗಳು, ಭದ್ರವಾಗಿ ಕಟ್ಟಿದ ಬ್ಯಾಟರಿ, ಎಣ್ಣೆಯ ಸೋರಿಕೆ, ಡಿಕ್ಕಿಯಲ್ಲಿ ಉರುಳಾಡುವ ಜಾಕ್ ಮತ್ತು ನೀರಿನ ಬಾಟಲಿ ಇವನ್ನೆಲ್ಲ ನೋಡಲು ತಿಳಿವಳಿಕೆಯುಳ್ಳ ಮೆಕ್ಯಾನಿಕ್ಕಿಗೆ ಹೆಚ್ಚು ಹೊತ್ತು ಬೇಡ. ಮೇಲ್ಛಾವಣಿ ತೆರೆಯುವ ಕಾರುಗಳಿಗೆ ಮಗುಚಿದಾಗ ತಲೆ ಕಾಯುವ ಕಬ್ಬಿಣದ ಕಮಾನು ಇರಲೇಬೇಕು. ಹೆಲ್ಮೆಟ್ ಕೂಡ ಯಾವುದಾದರೂ ಆದೀತು ಎನ್ನುವಂತಿಲ್ಲ. ಅಮೆರಿಕದ ‘ಸ್ನೆಲ್’ ಸಂಸ್ಥೆಯು ಕಾರು ಓಟಕ್ಕೆ ನಿಗದಿಪಡಿಸಿರುವ ‘ಎಸ್‌ಎ’ ದರ್ಜೆಯಲ್ಲಿ ಬೆಂಕಿಯನ್ನು ತಡೆಯುವ ಪರೀಕ್ಷೆಯಿದೆ. ಮೋಟಾರ್ ಸೈಕಲ್ಲಿನ ‘ಎಂ’ ದರ್ಜೆಯಲ್ಲಿ ಅದಿಲ್ಲ.

ಆದರೆ ಸಲಕರಣೆ ಒಂದರಿಂದಲೇ ಕ್ಷೇಮ ಲಭಿಸದು. ಸುರಕ್ಷಾ ಸಾಧನಗಳು ಹೆಚ್ಚಿದಂತೆ ಚಾಲಕರು ಹೆಚ್ಚು ಸಾಹಸಕ್ಕೆ ಇಳಿಯುತ್ತಾರೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ವಾದಿಸಿದರು. ಅವರ ಲೆಕ್ಕಾಚಾರದ ಬಗ್ಗೆ ತಕರಾರುಗಳಿವೆ; ಆದರೆ ವರ್ತನೆಯನ್ನು ನಿಯಂತ್ರಿಸದ ನಿಯಮ ಅಪೂರ್ಣ ಎಂಬುದರಲ್ಲಿ ತಕರಾರಿಲ್ಲ. ಅನುಭವಕ್ಕೆ ತಕ್ಕಂತೆ ಗುಂಪುಗಳ ವಿಂಗಡಣೆ, ಮುಂದಾಳು ಕಾರಿನ ಹಿಂದೆ ನಿಧಾನಗತಿಯ ಮೊದಲ ಸುತ್ತುಗಳು, ನೇರ ಹಾದಿಯಲ್ಲಿ ಮುಂದಿನವನು ಕೈಸನ್ನೆ ಮಾಡಿದ ಮೇಲಷ್ಟೇ ಹಿಂದಿಕ್ಕುವುದು, ಹಳದಿ ಬಾವುಟ ಕಂಡರೆ ಹಿಂದಿಕ್ಕದಿರುವುದು, ಕೆಂಪು ಬಾವುಟ ಕಂಡರೆ ವೇಗ ತಗ್ಗಿಸಿ ಪಿಟ್‌ಗೆ ಮರಳುವುದು, ಹೊಸಬರ ಪಕ್ಕದಲ್ಲಿ ತರಬೇತುದಾರರ ಹೊರತು ಯಾರನ್ನೂ ಕೂರಿಸದಿರುವುದು—ಅನೇಕ ದೇಶಗಳಲ್ಲಿ ರೂಢಿಯಲ್ಲಿರುವ ಈ ಕ್ರಮಗಳಿಗೆ ಹಣಕ್ಕಿಂತ ಶಿಸ್ತು ಮುಖ್ಯ.

ಶಿಸ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫಾಂಟಾನಾದಲ್ಲಿದ್ದ ಕ್ಯಾಲಿಫೋರ್ನಿಯಾ ಸ್ಪೀಡ್‌ವೇಯಲ್ಲಿ 2005ರ ಜೂನ್‌ನಲ್ಲಿ ನಡೆದ ಅವಘಡ ನಿದರ್ಶನ. ಕಾರು ಮಾಲೀಕರ ಕ್ಲಬ್ಬೊಂದು ಏರ್ಪಡಿಸಿದ್ದ ಟ್ರ್ಯಾಕ್ ಡೇಯಲ್ಲಿ ಪಿಟ್‌ನಿಂದ ಹೊರಬಿಟ್ಟ ಫೆರಾರಿಯೊಂದು ವೇಗವಾಗಿ ಬರುತ್ತಿದ್ದ ಪೋರ್ಷೆ ಕಾರಿನ ದಾರಿಗೆ ಬಂತು. ಅದನ್ನು ತಪ್ಪಿಸಲು ಹೋದ ಪೋರ್ಷೆ ಕಾಂಕ್ರೀಟ್ ಗೋಡೆಗೆ ಅಪ್ಪಳಿಸಿ, ಚಾಲಕ ಮತ್ತು ಪಕ್ಕದಲ್ಲಿ ಕುಳಿತಿದ್ದವರು ಇಬ್ಬರೂ ಸತ್ತರು. ‘ಅಪಾಯಕ್ಕೆ ನಾನೇ ಹೊಣೆ’ ಎಂಬ ಪತ್ರಕ್ಕೆ ಸಹಿ ಪಡೆದಿದ್ದರೂ ಪ್ರಯಾಣಿಕನ ಪತ್ನಿ ನ್ಯಾಯಾಲಯಕ್ಕೆ ಹೋದರು. ಪ್ರಕರಣ ಸುಮಾರು 45 ಲಕ್ಷ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ಚಾಲಕನ ಆಸ್ತಿ, ಟ್ರ್ಯಾಕ್ ನಡೆಸುವವರು, ಕ್ಲಬ್ಬು, ಕಾರು ತಯಾರಕರು ಎಲ್ಲರೂ ಪಾಲು ತೆರಬೇಕಾಯಿತು. ಮುಚ್ಚಳಿಕೆಯನ್ನೇ ಸುರಕ್ಷತೆಯೆಂದು ಭಾವಿಸುವ ಸಂಘಟಕರು ಇದನ್ನು ಗಮನಿಸಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ ಬಳಕೆಯ ಮಿತಿಯನ್ನು ಹೇಳುವ ಷರತ್ತು ಇರುತ್ತದೆ. ಸಂಘಟಿತ ಓಟ ಮತ್ತು ವೇಗಪರೀಕ್ಷೆ ಅದರ ರಕ್ಷಣೆಯಿಂದ ಹೊರಗೆ. ತಾನು ಓಡಿಸಿದ್ದು ಸ್ಪರ್ಧೆಯಲ್ಲ ಎಂದು ಮಾಲೀಕ ವಾದಿಸಬಹುದು, ವೇಗಪರೀಕ್ಷೆಯೇ ಎಂದು ವಿಮಾ ಕಂಪನಿ ವಾದಿಸಬಹುದು. ಅಷ್ಟರಲ್ಲಿ ಸಾಲದ ಕಂತು ಬಾಕಿ ಇರುವ ಕಾರು ಗುಜರಿ ಸೇರಿರುತ್ತದೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 20.8 ಕಿ.ಮೀ. ಹಾದಿಯನ್ನು ಸಾರ್ವಜನಿಕರಿಗೆ ತೆರೆದಾಗ ಅಲ್ಲಿ ರಸ್ತೆ ಸಂಚಾರದ ನಿಯಮಗಳೇ ಅನ್ವಯಿಸುತ್ತವೆ. ಯಾವ ನಿಯಮ ಅನ್ವಯಿಸುತ್ತದೆಂಬ ಇಂಥ ಸ್ಪಷ್ಟತೆ ಗೇಟಿನ ಬಳಿಯೇ ಚಾಲಕನಿಗೆ ಸಿಗಬೇಕು.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ: ನಿಯಮ ಬರೆದಿಟ್ಟ ಮೇಲೆ ಅದನ್ನು ಜಾರಿಗೊಳಿಸುವವರು ಯಾರು? ಸಂಘಟಕರ ವರಮಾನ ಕಾರುಗಳ ಸಂಖ್ಯೆಯನ್ನು ಅವಲಂಬಿಸಿದೆ. ಸವೆದ ಟೈರಿನ ಕಾರನ್ನು ಹಿಂದಕ್ಕೆ ಕಳುಹಿಸಿದರೆ ನಷ್ಟ ಆ ಕ್ಷಣದ್ದು, ಖಚಿತವಾದದ್ದು. ಒಳಗೆ ಬಿಟ್ಟರೆ ಅಪಘಾತ ಆದರೂ ಆಗಬಹುದು, ಆಗದೆಯೂ ಇರಬಹುದು, ಆದರೆ ಅದರ ಬಹುಪಾಲು ಹೊರೆ ಬೇರೆಯವರದು. ಇಂಥ ಏರ್ಪಾಟಿನಲ್ಲಿ ಸಜ್ಜನನೂ ಸಡಿಲಗೊಳ್ಳುತ್ತಾನೆ. ಸರ್ಕಾರಿ ಖಜಾನೆಯಲ್ಲಿ ಬಿಲ್ಲು ಮಂಜೂರು ಮಾಡುವವನೂ ಹಣ ಪಾವತಿಸುವವನೂ ಒಬ್ಬನೇ ಆಗಬಾರದೆಂಬ ಹಳೆಯ ನಿಯಮದ ಹಿಂದೆ ಇರುವುದು ಇದೇ ತಿಳಿವಳಿಕೆ.

ಆದ್ದರಿಂದ ಕಾರನ್ನು ತಡೆಯುವ, ಚಾಲಕನನ್ನು ಹೊರಗೆ ಕಳುಹಿಸುವ, ಅಗತ್ಯಬಿದ್ದರೆ ದಿನದ ಕಾರ್ಯಕ್ರಮವನ್ನೇ ನಿಲ್ಲಿಸುವ ಅಧಿಕಾರ ಶುಲ್ಕದೊಂದಿಗೆ ಸಂಬಂಧವಿಲ್ಲದ ತಪಾಸಕನಿಗೆ ಇರಬೇಕು. ಆತನನ್ನು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ನೇಮಿಸಲಿ. ಸಂಭಾವನೆ ಕಾರುಗಳ ಸಂಖ್ಯೆಗೆ ತಕ್ಕಂತೆ ಏರಿಳಿಯದಿರಲಿ. ವೈದ್ಯರಿರುವ ಆಂಬುಲೆನ್ಸ್ ರೋಗಿಯನ್ನು ಹೊತ್ತು ಆಸ್ಪತ್ರೆಗೆ ತೆರಳಿದರೆ, ಮತ್ತೊಂದು ಬರುವವರೆಗೆ ಟ್ರ್ಯಾಕ್ ಮುಚ್ಚಿರಲಿ. ಪ್ರತಿ ಅಪಘಾತದ ಸಂಕ್ಷಿಪ್ತ ವರದಿ ಪ್ರಕಟವಾಗಲಿ. ವಿಮಾ ಕಂಪನಿಗಳು ಒಂದು ದಿನದ ಪ್ರತ್ಯೇಕ ಪಾಲಿಸಿಯನ್ನು ರೂಪಿಸಿ, ತಪಾಸಕನ ಸಹಿಯನ್ನು ಅದಕ್ಕೆ ಷರತ್ತಾಗಿಸಲಿ.

ಇದರಿಂದ ಶುಲ್ಕ ಏರಿ, ಯುವಕರು ಮತ್ತೆ ಹೆದ್ದಾರಿಗೇ ಮರಳುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಮೇಲಿನವುಗಳಲ್ಲಿ ದುಬಾರಿಯಾದದ್ದು ಆಂಬುಲೆನ್ಸ್ ಮತ್ತು ವಿಮೆ ಮಾತ್ರ. ಆ ಖರ್ಚನ್ನು ಬಂದವರೆಲ್ಲ ಹಂಚಿಕೊಳ್ಳಬಹುದು. ದೊಡ್ಡ ದುರಂತವೊಂದು ನಡೆದು ತನಿಖಾ ಸಮಿತಿ ನೇಮಕವಾದರೆ, ಅದು ಮಾಡುವ ಶಿಫಾರಸುಗಳು ಹೆಚ್ಚುಕಡಿಮೆ ಇವೇ ಆಗಿರುತ್ತವೆ. ಆ ವರದಿಗಾಗಿ ಕಾಯದೆ ಒಕ್ಕೂಟವೂ ಟ್ರ್ಯಾಕ್‌ಗಳ ಒಡೆಯರೂ ಈಗಲೇ ಕಾರ್ಯಪ್ರವೃತ್ತರಾಗುವುದು ಒಳಿತು.