ಗೆಳೆಯನ ಕಿವಿ

ಹರಿಹರದಿಂದ ಶಿವಮೊಗ್ಗೆಗೆ ಸಾಗುವ ಹಾದಿಯಲ್ಲಿರುವ ಮಲೆಬೆನ್ನೂರು ಭದ್ರಾ ನಾಲೆಯ ನೀರುಂಡು ಬತ್ತ ಬೆಳೆಯುವ ಸೀಮೆ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಇಂಥ ಊರುಗಳ ಮಕ್ಕಳಿಗೆ ಉನ್ನತ ವಿದ್ಯೆ ಸಮೀಪವಾಯಿತು. ಆದರೆ ತೋಳಹುಣಸೆಯಲ್ಲಿ ಬಸ್ಸಿಳಿಯುವ ಹುಡುಗನ ಎದೆಯ ಭಾರ ಅದರಿಂದ ಹಗುರವಾಗಲಿಲ್ಲ. ಮನೆತನದಲ್ಲಿ ಎಂ.ಎ. ಓದುತ್ತಿರುವವರಲ್ಲಿ ಅವನೇ ಮೊದಲಿಗ. ಕಟ್ಟಿದ ಶುಲ್ಕ ಬತ್ತ ಮಾರಿ ಬಂದ ಹಣ. ಎರಡು ವಿಷಯಗಳಲ್ಲಿ ಅನುತ್ತೀರ್ಣನಾದರೆ ತಂದೆಗೆ ಹೇಗೆ ಹೇಳಿಯಾನು?

ತಂದೆಗೆ ಹೇಳಲಾರದ್ದನ್ನು ಅವನು ಪಕ್ಕದ ಹಾಸಿಗೆಯ ಗೆಳೆಯನಿಗೆ ಹೇಳುತ್ತಾನೆ. ಅದೂ ನಡುರಾತ್ರಿಯಲ್ಲಿ, ಅರ್ಧ ನಗುತ್ತ. ನಾಲೆಯ ಕೊನೆಯಂಚಿನ ರೈತನ ಸಂಕಟ ಮೊದಲು ತಿಳಿಯುವುದು ಪಕ್ಕದ ಗದ್ದೆಯವನಿಗೇ ಹೊರತು ಎಂಜಿನಿಯರಿಗಲ್ಲವಷ್ಟೆ!

1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಬದುಕು ಬೇಸತ್ತವರಿಗೆಂದು ತನ್ನ ಬಾಗಿಲು ತೆರೆದ. ಅವನಿಗಾಗಿ ಕಾದು ಕುಳಿತವರೊಡನೆ ಸ್ವಯಂಸೇವಕರು ಚಹಾ ಕೊಟ್ಟು ಮಾತಾಡುತ್ತಿದ್ದರು. ಎಷ್ಟೋ ಮಂದಿಗೆ ಆಮೇಲೆ ಪಾದ್ರಿಯ ಅಗತ್ಯವೇ ಬೀಳಲಿಲ್ಲ. 1970ರಲ್ಲಿ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೇ ರಾತ್ರಿಯೆಲ್ಲ ಟೆಲಿಫೋನಿನ ಬಳಿ ಕುಳಿತು ಸಹಪಾಠಿಗಳ ಅಳಲು ಕೇಳುವ ‘ನೈಟ್‌ಲೈನ್’ ಆರಂಭಿಸಿದರು. ಕನ್ನಡ ನಾಡಿನಲ್ಲಿಯೂ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ವೈದ್ಯರಲ್ಲದವರಿಗೆ ಆಪ್ತಸಲಹೆಯ ಶಿಕ್ಷಣವಿತ್ತರು. ರಾಜ್ಯ ಸರಕಾರ ಮತ್ತು ನಿಮ್ಹಾನ್ಸ್ ಕೂಡಿ ನಡೆಸಿದ ‘ಯುವ ಸ್ಪಂದನ’ದಲ್ಲಿ ತರಬೇತಿ ಪಡೆದ ತರುಣರೇ ಜಿಲ್ಲೆ ಜಿಲ್ಲೆಗಳಲ್ಲಿ ತರುಣರನ್ನು ಕಂಡು ಮಾತನಾಡಿದರು.

ಗೆಳೆಯನಾದವನು ಮಾಡಬೇಕಾದುದು ಅಲ್ಪವೇ, ಆದರೆ ಸುಲಭವಲ್ಲ. ನಾಡಿನಲ್ಲಿ ಉಪದೇಶಕ್ಕೆ ಬರವಿಲ್ಲ. ‘ಧೈರ್ಯ ತಂದುಕೊ’ ಎಂದೊಡನೆ ಹೇಳುವವನ ಬಾಯಿ ಮುಚ್ಚುತ್ತದೆ. ಮಾತು ಸಾವಿನ ಕಡೆಗೆ ತಿರುಗಿದಾಗ, ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾಗುವುದೆಂಬ ಅಂಜಿಕೆ ಸುಳ್ಳೆಂದು ಸಂಶೋಧನೆಗಳು ತೋರಿಸಿವೆ.

ಎಲ್ಲಕ್ಕಿಂತ ಕಠಿನವಾದುದು ಗುಟ್ಟಿನ ಮಾತು. ‘ಯಾರಿಗೂ ಹೇಳಬೇಡ’ ಎಂದು ಕೈಮೇಲೆ ಕೈಯಿಟ್ಟು ಮಾತು ತೆಗೆದುಕೊಂಡ ಗೆಳೆಯನ ಪ್ರಾಣ ಅಪಾಯದಲ್ಲಿರುವಾಗ ಆ ಮಾತನ್ನು ಮುರಿಯಲೇಬೇಕು. ಅವನು ಮುನಿದಾನು, ತಿಂಗಳುಗಟ್ಟಲೆ ಮಾತು ಬಿಟ್ಟಾನು; ಚಿಂತೆಯಿಲ್ಲ. ಆದರೆ ಅಂಥ ಮಾತು ಬೇಕಾದವರಿಗೆ ಮಾತ್ರ ತಿಳಿಯಬೇಕು, ಭೋಜನಶಾಲೆಗಲ್ಲ. ಪೊಲೀಸರ ಭಯದಿಂದ ಬಾಯಿ ಕಟ್ಟಿಕೊಳ್ಳುವ ಕಾರಣವೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ, ಸಾಯಲೆತ್ನಿಸಿದವನನ್ನು ತೀವ್ರ ಒತ್ತಡಕ್ಕೊಳಗಾದವನೆಂದೇ ಭಾವಿಸಿ, ಅವನ ಆರೈಕೆಯನ್ನು ಸರಕಾರದ ಹೊಣೆಯಾಗಿಸಿದೆ.

ಪಕ್ಕದ ಹಾಸಿಗೆಯವನು ವೈದ್ಯನಲ್ಲ. ತಾನೂ ಪರೀಕ್ಷೆಗೆ ಓದಬೇಕಾದವನು, ನಿದ್ದೆ ಮಾಡಬೇಕಾದವನು. ಹೊರೆಯನ್ನೆಲ್ಲ ಅವನೊಬ್ಬನ ತಲೆಗೆ ಕಟ್ಟಿ ವಿದ್ಯಾಲಯ ನಿಶ್ಚಿಂತೆಯಾಗಿರುವುದು ನ್ಯಾಯವಲ್ಲ. ಅವನಿಗೂ ಹೊರೆ ಇಳಿಸಲೊಂದು ಜಗಲಿ ಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ. ಗೆಳೆಯ ತಾನೇ ಸಂಖ್ಯೆಯೊತ್ತಿ, ಫೋನನ್ನು ಅವನ ಕೈಗಿತ್ತು, ಮಾತು ಮುಗಿಯುವವರೆಗೆ ಪಕ್ಕದಲ್ಲಿಯೇ ಕುಳಿತಿರಬಹುದು. ಬೆಳಗಾದ ಮೇಲೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಜೊತೆಯಾಗಿ ಹೋಗಲೂಬಹುದು.